ಡೆಡ್‌ಲಿಫ್ಟ್ ಮಾಡಿದರೆ ಸೊಂಟ ಹೋಗುತ್ತಾ? ಮೊದಲು ಟೇಪು ಹಿಡಿದು ಪ್ಲೇಟು ಅಳೆಯಿರಿ

ಪ್ರಶ್ನೆ: ನನಗೆ 36 ವರ್ಷ, ತುಮಕೂರು ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಎತ್ತರ 5 ಅಡಿ 11 ಇಂಚು, ತೂಕ 78 ಕೆಜಿ. ನಾಲ್ಕು ತಿಂಗಳಿಂದ ಊರಿನ ಸಣ್ಣ ಜಿಮ್‌ಗೆ ಹೋಗುತ್ತಿದ್ದೇನೆ. ಎರಡು ತಿಂಗಳ ಹಿಂದೆ ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ರಾಡನ್ನು ಬಗ್ಗಿ ಹಿಡಿದು ಎತ್ತಿ ನೆಟ್ಟಗೆ ನಿಲ್ಲೋದು, ಶುರು ಮಾಡಿದೆ. ಈಗ ಇಪ್ಪತ್ತರ ರಾಡ್, ಎರಡೂ ಕಡೆ ಹತ್ತು ಕೆಜಿಯ ಎರಡೆರಡು ಪ್ಲೇಟ್, ಒಟ್ಟು 60 ಕೆಜಿ. ಹತ್ತು ಸಲದಂತೆ ನಾಲ್ಕು ಸೆಟ್ ಎತ್ತುತ್ತೇನೆ. ಮಾರನೇ ದಿನ ಸೊಂಟ ಹಿಡಿದುಕೊಳ್ಳುತ್ತದೆ, ಎರಡು ದಿನ ಬಗ್ಗೋಕೆ ಕಷ್ಟ. ಟ್ರೈನರ್ ‘ಬೆನ್ನು ನೇರ ಇಡಿ ಸಾರ್, ಒಂದು ಬೆಲ್ಟ್ ತಗೊಳ್ಳಿ’ ಅನ್ನುತ್ತಾರೆ. ಅಮ್ಮ ‘ಸೊಂಟ ಮುರ್ಕೋತೀಯ, ಬಿಟ್ಬಿಡು’ ಅನ್ನುತ್ತಾರೆ. ಯಾರ ಮಾತು ಕೇಳಲಿ? ಇನ್ನೊಂದು: ಒಲಿಂಪಿಕ್ಸ್‌ನಲ್ಲಿ ಡೆಡ್‌ಲಿಫ್ಟ್ ಇದೆಯಾ ಅಂತ ಕ್ಲಾಸಿನ ಹುಡುಗರು ಕೇಳಿದರು. ಉತ್ತರ ಹೇಳೋಕಾಗಲಿಲ್ಲ.

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದುವಾಗ ನಾನು ತಡೆದು ನಿಂತದ್ದು ಸೊಂಟ ನೋವಿನ ಹತ್ತಿರ ಅಲ್ಲ, ‘ಹತ್ತು ಕೆಜಿಯ ಎರಡೆರಡು ಪ್ಲೇಟ್’ ಅನ್ನುವ ಮಾತಿನ ಹತ್ತಿರ. ನೀವು ಆರಡಿಗೆ ಒಂದು ಇಂಚು ಕಮ್ಮಿ. ಸಣ್ಣ ಜಿಮ್‌ಗಳ ಹತ್ತು ಕೆಜಿ ಕಬ್ಬಿಣದ ಪ್ಲೇಟು ಊಟದ ತಟ್ಟೆಯಷ್ಟು ಅಗಲ ಇರುತ್ತದೆ. ಗುಟ್ಟು ಅಲ್ಲೇ ಇದೆ ಅಂತ ನನ್ನ ಅನುಮಾನ. ಟ್ರೈನರೂ ಅಮ್ಮನೂ ನಿಮ್ಮ ಬೆನ್ನು ನೋಡಿದ್ದಾರೆ. ರಾಡು ನೆಲದಿಂದ ಎಷ್ಟು ಮೇಲಿದೆ ಅಂತ ಇಬ್ಬರೂ ನೋಡಿಲ್ಲ.

ಅಲ್ಲಿಗೆ ಹೋಗುವ ಮುಂಚೆ ನೋವಿನ ವಿಚಾರ ಮುಗಿಸಿಬಿಡೋಣ. ಮಾರನೇ ದಿನ ಬೆನ್ನುಮೂಳೆಯ ಎರಡೂ ಪಕ್ಕ ಬಿಗಿದುಕೊಂಡು, ಓಡಾಡಿದ ಮೇಲೆ ಸ್ವಲ್ಪ ಸಡಿಲವಾಗಿ, ಎರಡು ಮೂರು ದಿನಕ್ಕೆ ಹೋಗುವ ನೋವು ಬಹಳ ಸಲ ಸ್ನಾಯುಗಳ ನೋವೇ ಆಗಿರುತ್ತದೆ. ನೀವು ಬರೆದದ್ದು ಅದರ ಹಾಗೇ ಕಾಣುತ್ತದೆ. ಆದರೆ ನೋವು ಪಿರ್ರೆಯಿಂದ ಕಾಲಿಗಿಳಿದು ಮಂಡಿ ದಾಟಿ ಕೆಳಗೆ ಹೋಗುತ್ತಿದ್ದರೆ, ಪಾದ ಜುಂ ಅನ್ನುತ್ತಿದ್ದರೆ, ಕಾಲಿನ ಹೆಬ್ಬೆರಳು ಮೇಲೆತ್ತೋಕೆ ಬಲ ಸಾಲದಿದ್ದರೆ ರಾಡು ಮುಟ್ಟಬೇಡಿ, ಡಾಕ್ಟರಿಗೆ ತೋರಿಸಿ. ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯೋಕೆ ಆಗದಿದ್ದರೆ, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ. ಬಿಪಿ, ಹರ್ನಿಯಾ, ಕಣ್ಣಿನ ಪರದೆಯ (ರೆಟಿನಾ) ತೊಂದರೆ ಇರುವವರು ಭಾರ ಎತ್ತುವ ಮುಂಚೆಯೇ ಡಾಕ್ಟರನ್ನು ಕೇಳಬೇಕು. ಉಸಿರು ಬಿಗಿಹಿಡಿದು ಎತ್ತುವಾಗ ಬಿಪಿ ಆ ಕ್ಷಣಕ್ಕೆ ಜೋರಾಗಿ ಏರುತ್ತದೆ. ಇವು ಯಾವುವೂ ನಿಮಗಿಲ್ಲ ಅಂದುಕೊಂಡು ಮುಂದೆ ಬರೆಯುತ್ತೇನೆ.

ಈಗ ಪ್ಲೇಟು. ಸ್ಪರ್ಧೆಗಳಲ್ಲಿ ಬಳಸುವ ದೊಡ್ಡ ಪ್ಲೇಟಿನ ಅಗಲ 45 ಸೆಂಟಿಮೀಟರ್. ಅದರ ಅರ್ಧ 22.5. ಅಂದರೆ ರಾಡಿನ ನಡುಮಧ್ಯ ನೆಲದಿಂದ 22.5 ಸೆಂ.ಮೀ. ಮೇಲೆ, ಹೆಚ್ಚುಕಮ್ಮಿ ಒಂದು ಗೇಣು, ಕೂತಿರುತ್ತದೆ. ವಿಡಿಯೊಗಳಲ್ಲಿ ನೀವು ನೋಡುವ ಡೆಡ್‌ಲಿಫ್ಟ್ ಬಹುಪಾಲು ಈ ಎತ್ತರದಿಂದಲೇ ಶುರುವಾಗುತ್ತದೆ. ರಾಡು ಮೊಣಕಾಲಿಗೂ ಪಾದಕ್ಕೂ ನಡುವೆ ಎಲ್ಲೋ ಇರುತ್ತದೆ. ನಿಮ್ಮ ಜಿಮ್‌ನ ಪ್ಲೇಟಿನ ಅಗಲ 30 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಆಗ ನಿಮ್ಮ ರಾಡು ಬರೀ 15 ಸೆಂ.ಮೀ. ಮೇಲಿದೆ. ಏಳೂವರೆ ಸೆಂಟಿಮೀಟರ್ ಕೆಳಗೆ! ಮೂರು ಇಂಚು. ಕೇಳೋಕೆ ಸಣ್ಣದು. ಆದರೆ ನಿಮ್ಮಂಥ ಉದ್ದ ಕಾಲಿನವರಿಗೆ ಆ ಮೂರು ಇಂಚು ಇಳಿಯೋದು ಅಂದರೆ ತೊಡೆಯ ಹಿಂದಿನ ಸ್ನಾಯು ಎಳೆದಷ್ಟೂ ಎಳೆದು, ಇನ್ನು ಆಗಲ್ಲ ಅಂದ ಮೇಲೆ ಬೆನ್ನು ಗೂನು ಮಾಡಿಕೊಂಡು ರಾಡು ಹಿಡಿಯೋದು. ಟ್ರೈನರ್ ಎಷ್ಟು ಸಲ ‘ಬೆನ್ನು ನೇರ’ ಅಂದರೂ ಅಲ್ಲಿ ನೇರ ಮಾಡೋಕೆ ಜಾಗವೇ ಇಲ್ಲ.

45 ಸೆಂಟಿಮೀಟರ್ ಅನ್ನೋದು ಪ್ಲೇಟಿನ ಅಳತೆ, ನಿಮ್ಮ ಮೈಯ ಅಳತೆ ಅಲ್ಲ. ನಾಲ್ಕೂಮುಕ್ಕಾಲು ಅಡಿಯವರಿಗೂ ಆರೂಕಾಲು ಅಡಿಯವರಿಗೂ ಅದೇ 22.5. ಹಾಗಾಗಿ ರಾಡು ಎತ್ತರಿಸಿಕೊಂಡು ಎತ್ತಿದರೆ ಅದು ‘ಕಳ್ಳ ಡೆಡ್‌ಲಿಫ್ಟ್’ ಅಂತ ಯಾರಾದರೂ ನಕ್ಕರೆ ನಗಲಿ ಬಿಡಿ. ನೀವು ಸ್ಪರ್ಧೆಗೆ ಹೋಗುತ್ತಿಲ್ಲ ಅಲ್ವಾ?

ಮಾಡಬೇಕಾದ್ದು ಇಷ್ಟೇ. ಮನೆಯಿಂದ ಒಂದು ಟೇಪು ತಗೊಂಡು ಹೋಗಿ. ನೀವು ಹಾಕುವ ಪ್ಲೇಟುಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಅಗಲ ಅಳೆಯಿರಿ. ಅರ್ಧ ಮಾಡಿ. 22.5ರಿಂದ ಕಳೆಯಿರಿ. ಉಳಿದಷ್ಟು ಎತ್ತರವನ್ನು ರಾಡಿನ ಎರಡೂ ಕಡೆ ಪ್ಲೇಟಿನ ಕೆಳಗೆ ಕೊಡಿ. ಜಿಮ್‌ನಲ್ಲಿ ಸುಮ್ನೆ ಬಿದ್ದಿರುವ ಅಗಲದ ಪ್ಲೇಟುಗಳನ್ನು ಮಲಗಿಸಿ ಒಂದರ ಮೇಲೊಂದು ಇಟ್ಟರೆ ಸಾಕು. ದಪ್ಪ ರಬ್ಬರ್ ಮ್ಯಾಟಿನ ತುಂಡುಗಳೂ ಆಗುತ್ತವೆ, ಮರದ ದಿಮ್ಮಿಯ ಹಲಗೆಯೂ ಆಗುತ್ತದೆ. ಇಟ್ಟಿಗೆ ಬೇಡ, ಒಂದು ದಿನ ಒಡೆದು ರಾಡು ಓರೆಯಾಗುತ್ತದೆ. ಸ್ಕ್ವಾಟ್ ರ‍್ಯಾಕ್ ಅನ್ನುವ, ರಾಡು ಇಡುವ ಕಬ್ಬಿಣದ ಚೌಕಟ್ಟು ಇದ್ದರೆ ಅದರ ಸೇಫ್ಟಿ ಕಂಬಿಗಳನ್ನು ಕೆಳಗಿಳಿಸಿ ಅದರ ಮೇಲೂ ರಾಡು ಇಡಬಹುದು. ಮೊದಲ ಒಂದು ತಿಂಗಳು ನೀವು 22.5ಕ್ಕಿಂತ ಇನ್ನೂ ಎರಡು ಇಂಚು ಮೇಲಿಟ್ಟುಕೊಂಡರೂ ನನ್ನ ಆಕ್ಷೇಪ ಇಲ್ಲ. ಮೊಣಕಾಲ ಚಿಪ್ಪಿನ ಒಂದು ಗೇಣು ಕೆಳಗೆ ರಾಡು ಬಂದರೆ ಸರಿ.

ಟೇಪಿನ ಜೊತೆ ತೂಕದ ಮಷೀನೂ ತಗೊಂಡು ಹೋಗಿ. ‘ಇಪ್ಪತ್ತರ ರಾಡ್’ ಅಂದಿರಿ. ಯಾರು ತೂಗಿದರು? ಅಂತರರಾಷ್ಟ್ರೀಯ ಅಳತೆಯ ಗಂಡಸರ ಬಾರ್ 20 ಕೆಜಿ, ಉದ್ದ 2.2 ಮೀಟರ್, ಅಂದರೆ ಏಳಡಿಗಿಂತ ಎರಡೂವರೆ ಇಂಚು ಜಾಸ್ತಿ. ಹಿಡಿಯುವ ಕಡೆ ದಪ್ಪ 28 ಮಿಲಿಮೀಟರ್. ಪ್ಲೇಟು ಹಾಕುವ ತುದಿ 50 ಮಿ.ಮೀ., ಮತ್ತೆ ಅದು ತಿರುಗುತ್ತದೆ. ಹೆಂಗಸರ ಬಾರ್ 15 ಕೆಜಿ, 25 ಮಿ.ಮೀ. ದಪ್ಪ. ನಮ್ಮ ಸಣ್ಣ ಜಿಮ್‌ಗಳಲ್ಲಿರೋದು ಬಹಳ ಕಡೆ ಐದಡಿ, ಆರಡಿಯ ಒಂದೇ ದಪ್ಪದ ರಾಡು. ನಾನು ಕೋಚಿಂಗ್ ಶುರು ಮಾಡಿದ ಹೊಸದರಲ್ಲಿ ಒಂದು ಜಿಮ್‌ನಲ್ಲಿ ಎಲ್ಲರೂ ಇಪ್ಪತ್ತರದು ಅನ್ನುತ್ತಿದ್ದ ರಾಡನ್ನು ಹಿಡಿದು ತೂಕದ ಮಷೀನ್ ಹತ್ತಿದೆ. ನನ್ನ ತೂಕ ಕಳೆದರೆ 13 ಕೆಜಿ ಚಿಲ್ಲರೆ. ಹಿಂದಿನ ವಾರವಷ್ಟೇ ‘ನೂರು ಎತ್ತಿದೆ’ ಅಂತ ಎಲ್ಲರಿಗೂ ಮೈಸೂರ್‌ಪಾಕ್ ಹಂಚಿದ್ದ ಹುಡುಗ ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ತೂಕ ಕಮ್ಮಿ ಬಂದರೆ ಅವಮಾನ ಏನಿಲ್ಲ. ಆದರೆ ನಾಳೆ ಬೇರೆ ಜಿಮ್‌ಗೆ ಹೋಗಿ ನಿಜವಾದ ಇಪ್ಪತ್ತರ ಬಾರ್ ಹಿಡಿದಾಗ ಏಳು ಕೆಜಿ ಒಮ್ಮೆಗೇ ಜಾಸ್ತಿಯಾಗಿರುತ್ತದೆ, ಯಾಕೆ ಏಳ್ತಿಲ್ಲ ಅಂತ ತಲೆಕೆಡಿಸಿಕೊಳ್ಳುತ್ತೀರಿ.

ಇನ್ನು ನಿಮ್ಮ ಬೆನ್ನು. ಇಲ್ಲಿ ನಮ್ಮ ಭಾಷೆಯೇ ಸ್ವಲ್ಪ ಕೈಕೊಡುತ್ತದೆ. ಕನ್ನಡದಲ್ಲಿ ‘ಸೊಂಟ’ ಅಂದರೆ ಎಲ್ಲಾ ಒಂದೇ. ಪಂಚೆ ಕಟ್ಟುವ ಜಾಗವೂ ಸೊಂಟ, ಬೆನ್ನಿನ ಕೆಳಭಾಗವೂ ಸೊಂಟ, ಮಗು ಕೂರಿಸಿಕೊಳ್ಳುವ ಜಾಗವೂ ಸೊಂಟ. ಟ್ರೈನರ್ ‘ಸೊಂಟದಿಂದ ಬಗ್ಗಿ’ ಅಂದಾಗ ಹತ್ತರಲ್ಲಿ ಎಂಟು ಜನ ಪಂಚೆ ಕಟ್ಟುವ ಜಾಗದಲ್ಲಿ ಮಡಚುತ್ತಾರೆ. ಅದೇ ತಪ್ಪು. ಮಡಚಬೇಕಾದ್ದು ತೊಡೆಸಂದಿನಲ್ಲಿ, ತೊಡೆಯ ಮೂಳೆ ಬಂದು ಕೂಡುವ ಕೀಲಿನಲ್ಲಿ. ನಾನು ಹೊಸಬರಿಗೆ ಹೇಳೋದು ಹೀಗೆ: ಬೆಲ್ಟಿನ ಹತ್ತಿರ ಮಡಚಬೇಡಿ, ಪ್ಯಾಂಟಿನ ಜೇಬಿನ ಹತ್ತಿರ ಮಡಚಿ.

‘ಬೆನ್ನು ನೇರ’ ಅನ್ನೋದರಲ್ಲೂ ಇದೇ ಗಲಾಟೆ. ನೇರ ಅಂದ ತಕ್ಷಣ ಜನ ನೆಟ್ಟಗೆ ಕೂರೋಕೆ ನೋಡುತ್ತಾರೆ. ಮಂಡಿ ಪೂರ್ತಿ ಮಡಚಿ, ಬಸ್ಕಿ ಹೊಡೆಯುವವರ ಹಾಗೆ ಕೆಳಗಿಳಿಯುತ್ತಾರೆ. ಮಂಡಿ ಮುಂದೆ ಬರುತ್ತದೆ, ರಾಡನ್ನು ಮುಂದಕ್ಕೆ ತಳ್ಳುತ್ತದೆ. ನೇರ ಅಂದರೆ ಹಲಗೆಯ ಹಾಗೆ ಅಂತ ಅರ್ಥ. ಹಲಗೆಯನ್ನು ಗೋಡೆಗೆ ಓರೆಯಾಗಿ ಒರಗಿಸಿದರೂ ಹಲಗೆ ನೇರವೇ. ನಿಮ್ಮಂತೆ ತೊಡೆ ಉದ್ದ ಇರುವವರ ಬೆನ್ನು ಡೆಡ್‌ಲಿಫ್ಟ್‌ನಲ್ಲಿ ಜಾಸ್ತಿಯೇ ಓರೆಯಾಗಿರುತ್ತದೆ, ಪಿರ್ರೆ ಮೇಲಿರುತ್ತದೆ. ಗಿಡ್ಡ ಕಾಲಿನ ಟ್ರೈನರ್ ತನ್ನ ಮೈಗೆ ಸರಿಯಾದದ್ದನ್ನು ನಿಮಗೆ ಹೇಳಿಕೊಟ್ಟರೆ ಕೂರಲ್ಲ.

ಮಡಚೋದನ್ನು ಕಲಿಯೋಕೆ ರಾಡು ಬೇಡ, ಗೋಡೆ ಸಾಕು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ದೂರ ನಿಲ್ಲಿ. ಎರಡೂ ಕೈಯಲ್ಲಿ ಸಂತೆ ಚೀಲ ಇದೆ, ಬಾಗಿಲನ್ನು ಹಿಂದಿನಿಂದ ತಳ್ಳಬೇಕು ಅಂದುಕೊಳ್ಳಿ. ಮಂಡಿ ಸ್ವಲ್ಪವೇ ಸಡಿಲ, ಪಿರ್ರೆ ಹಿಂದಕ್ಕೆ, ಗೋಡೆಗೆ ತಾಗಿಸಿ. ಎದೆ ತಾನಾಗಿ ಮುಂದೆ ಬಗ್ಗುತ್ತದೆ. ತಾಗಿತಾ? ಮೂರು ಬೆರಳಿನಷ್ಟು ಮುಂದೆ ಬನ್ನಿ, ಮತ್ತೆ ತಾಗಿಸಿ. ಇನ್ನು ತಾಗಿಸಿದರೆ ಹಿಂದಕ್ಕೆ ಬೀಳ್ತೀನಿ ಅನ್ನೋವರೆಗೆ ಮಾಡಿ. ತೊಡೆಯ ಹಿಂಭಾಗ ಎಳೆಯುತ್ತದೆ, ಎಳೆಯಬೇಕು. ಆಮೇಲೆ ಪೊರಕೆಯ ಕೋಲೊಂದನ್ನು ಬೆನ್ನಿಗೆ ಉದ್ದಕ್ಕೆ ಹಿಡಿದುಕೊಂಡು ಇದನ್ನೇ ಮಾಡಿ. ಕೋಲು ಮೂರು ಕಡೆ ತಾಗಿಕೊಂಡೇ ಇರಬೇಕು: ತಲೆಯ ಹಿಂಭಾಗ, ಎರಡು ಹೆಗಲೆಲುಬಿನ ನಡುವೆ, ಪಿರ್ರೆಯ ಮೇಲಿನ ಮೂಳೆ. ಎಲ್ಲಿ ಕೋಲು ಬಿಟ್ಟಿತೋ ಅಲ್ಲಿವರೆಗೆ ಮಾತ್ರ ನಿಮ್ಮ ಬೆನ್ನು ನೇರ ಇಳಿಯುತ್ತದೆ ಅಂತ ಅರ್ಥ. ರಾಡನ್ನು ಆ ಎತ್ತರಕ್ಕೆ ತನ್ನಿ. ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರನ್ನು ಪಕ್ಕದಿಂದ ನೋಡಿ, ಕಾಲು ಹೆಚ್ಚುಕಮ್ಮಿ ನೆಟ್ಟಗೆ, ತೊಡೆಸಂದಿನಲ್ಲಿ ಮಡಿಕೆ, ಬೆನ್ನು ಹಲಗೆ. ಹಾಗಂತ ಅವರಿಗೆ ಸೊಂಟ ನೋವಿಲ್ಲ ಅಂತಲ್ಲ. ದಿನವಿಡೀ ಬಗ್ಗಿದರೆ ಯಾವ ಬೆನ್ನಾದರೂ ನೋಯುತ್ತದೆ.

ಈಗ ರಾಡಿನ ಹತ್ತಿರ ಬನ್ನಿ. ಕೆಳಗೆ ನೋಡಿ. ರಾಡು ನಿಮ್ಮ ಪಾದದ ನಡುಮಧ್ಯದ ಮೇಲೆ, ಶೂ ಲೇಸಿನ ಗಂಟಿನ ಹತ್ತಿರ ಇರಬೇಕು. ಮೊಣಕಾಲ ಕೆಳಗಿನ ಮೂಳೆಗೂ ರಾಡಿಗೂ ಎರಡು ಬೆರಳಿನಷ್ಟು ಸಂದು. ಎರಡು ಪಾದದ ನಡುವೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಜಾಗ. ಜೇಬಿನ ಹತ್ತಿರ ಮಡಚಿ ಕೈ ಕೆಳಗೆ ಬಿಡಿ, ಕಾಲಿನ ಹೊರಗಡೆ ರಾಡು ಹಿಡಿಯಿರಿ. ಹಿಡಿದ ಮೇಲೆ ಮಂಡಿ ಮುಂದೆ ತಂದು ಕಾಲು ರಾಡಿಗೆ ತಾಗಿಸಿ. ರಾಡನ್ನು ಉರುಳಿಸಬೇಡಿ, ಕಾಲು ರಾಡಿನ ಹತ್ತಿರ ಬರಬೇಕು. ಎರಡೂ ಕಂಕುಳಲ್ಲಿ ಮಡಚಿದ ಪೇಪರ್ ಇದೆ, ಬೀಳಬಾರದು ಅನ್ನೋ ಹಾಗೆ ಬಿಗಿ ಮಾಡಿ. ಎದೆಗಲ್ಲ, ಹೊಟ್ಟೆಗೆ ಉಸಿರು ತುಂಬಿ. ಯಾರೋ ತಮಾಷೆಗೆ ಹೊಟ್ಟೆಗೆ ಗುದ್ದೋಕೆ ಬಂದಾಗ ಹೊಟ್ಟೆ ಗಟ್ಟಿ ಮಾಡುತ್ತೀರಲ್ಲ, ಹಾಗೆ. ತಕ್ಷಣ ಎತ್ತಬೇಡಿ. ಮೊದಲು ರಾಡನ್ನು ನಿಧಾನಕ್ಕೆ ಮೇಲಕ್ಕೆ ಎಳೆಯಿರಿ. ರಾಡಿಗೂ ಪ್ಲೇಟಿನ ತೂತಿಗೂ ನಡುವೆ ಸಡಿಲ ಇರುತ್ತದೆ, ‘ಟಕ್’ ಅಂತ ಶಬ್ದ ಬರುತ್ತದೆ. ತೋಳು ಹಗ್ಗದ ಹಾಗೆ ಬಿಗಿಯಾಗುತ್ತದೆ. ಆ ಶಬ್ದ ಆದಮೇಲೆ ನೆಲವನ್ನು ಕಾಲಿನಿಂದ ಕೆಳಕ್ಕೆ ಒತ್ತಿ. ರಾಡು ಮೇಲೆ ಬರುತ್ತದೆ.

ಈ ಟಕ್ ಕೇಳಿಸಿಕೊಳ್ಳದೆ ಒಮ್ಮೆಗೇ ಕಿತ್ತು ಎಳೆಯುವವರೇ ಜಾಸ್ತಿ. ಕೈಗೆ ಭಾರ ಸಿಗುವ ಹೊತ್ತಿಗೆ ಪಿರ್ರೆ ಮೇಲೆ ಹಾರಿರುತ್ತದೆ, ಬೆನ್ನು ಗೂನಾಗಿರುತ್ತದೆ. ನಿಮ್ಮ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಪಕ್ಕದಿಂದ ಒಂದು ವಿಡಿಯೊ ತೆಗೆಯಿರಿ. ಪಿರ್ರೆಯೂ ಹೆಗಲೂ ಒಟ್ಟಿಗೆ ಏಳುತ್ತಿವೆಯಾ? ರಾಡು ಕಾಲಿಗೆ ಸವರಿಕೊಂಡೇ ಬರುತ್ತಿದೆಯಾ? ಇವೆರಡು ನೋಡಿ ಸಾಕು.

ಕಾಲಿಗೆ ಸವರಿಕೊಂಡು ಯಾಕೆ ಬರಬೇಕು ಅನ್ನೋದಕ್ಕೆ ನಿಮ್ಮ ಸ್ಕೂಲಿನ ವಿಜ್ಞಾನದ ಪಾಠವೇ ಸಾಕು, ಸನ್ನೆಕೋಲು. ತುಂಬಿದ ಕೊಡವನ್ನು ಯಾರೂ ಕೈ ಮುಂದೆ ಚಾಚಿ ಹಿಡಿಯಲ್ಲ, ಸೊಂಟಕ್ಕೆ ಒತ್ತಿ ಇಟ್ಟುಕೊಳ್ಳುತ್ತಾರೆ. ಲೆಕ್ಕ ಸುಲಭವಾಗಲಿ ಅಂತ ಮೈಯ ಭಾರ ಬಿಟ್ಟುಬಿಡಿ. ಬೆನ್ನಿನ ಬುಡದಿಂದ ರಾಡಿಗೆ 30 ಸೆಂ.ಮೀ. ದೂರ ಇದ್ದಾಗ 60 ಕೆಜಿ ಎತ್ತಿದಿರಿ. ಅದೇ 60 ಕೆಜಿ 40 ಸೆಂ.ಮೀ. ದೂರ ಹೋದರೆ ಬೆನ್ನಿನ ಪಾಲಿಗೆ ಅದು 80 ಕೆಜಿ ಇದ್ದ ಹಾಗೆ. ಪ್ಲೇಟ್ ಸೇರಿಸಿಲ್ಲ, ಇಪ್ಪತ್ತು ಕೆಜಿ ಜಾಸ್ತಿಯಾಯಿತು. ಮೊಣಕಾಲ ಕೆಳಗೆ ತರಚುತ್ತದೆ ಅಂತ ಹೆದರಿ ರಾಡು ದೂರ ಇಟ್ಟುಕೊಳ್ಳುವವರಿಗೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಿ ಅನ್ನುತ್ತೇನೆ, ಅಷ್ಟೇ.

ಮೇಲೆ ನಿಂತಾಗ ಹಿಂದಕ್ಕೆ ವಾಲಬೇಡಿ. ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ ನೆಟ್ಟಗೆ ನಿಂತರೆ ಮುಗಿಯಿತು. ಇಳಿಸುವಾಗ ಮೊದಲು ಪಿರ್ರೆ ಹಿಂದಕ್ಕೆ, ರಾಡು ಮಂಡಿ ದಾಟಿದ ಮೇಲೆ ಮಂಡಿ ಮಡಚಿ. ಮೊದಲೇ ಮಂಡಿ ಮಡಚಿದರೆ ರಾಡು ಮಂಡಿಚಿಪ್ಪಿಗೆ ಹೊಡೆಯುತ್ತದೆ. ಒಂದು ಸಲ ಹೊಡೆಸಿಕೊಂಡರೆ ಆಮೇಲೆ ಹೇಳಿಕೊಡಬೇಕಿಲ್ಲ.

ಈಗ ನಿಮ್ಮ ಹತ್ತು ಸಲದ ನಾಲ್ಕು ಸೆಟ್. ಇದು ನನಗೆ ಒಪ್ಪಿಗೆ ಇಲ್ಲ. ನಲವತ್ತು ಸಲ ಆಯಿತು. ಆರನೇ ಏಳನೇ ಸಲಕ್ಕೆ ಉಸಿರು ಕಟ್ಟುತ್ತದೆ, ಹೊಟ್ಟೆ ಸಡಿಲವಾಗುತ್ತದೆ, ರಾಡನ್ನು ನೆಲಕ್ಕೆ ಕುಟ್ಟಿ ಚೆಂಡಿನ ಹಾಗೆ ಪುಟಿಸಿಕೊಂಡು ಮೇಲೆ ತರುತ್ತೀರಿ. ಡೆಡ್‌ಲಿಫ್ಟ್ ಅನ್ನೋ ಹೆಸರು ಕೇಳಿದರೆ ಅಮ್ಮನಿಗೆ ಗಾಬರಿಯಾಗೋದು ಸಹಜ. ಆದರೆ ಸತ್ತಿರೋದು ಎತ್ತುವವನಲ್ಲ, ತೂಕ. ನೆಲದ ಮೇಲೆ ಅಲ್ಲಾಡದೆ ಬಿದ್ದಿರುವ ಭಾರವನ್ನು ಎತ್ತೋದು ಅಂತ ಅರ್ಥ. ಹಾಗಾಗಿ ಪ್ರತಿ ಸಲವೂ ರಾಡು ನೆಲಕ್ಕೆ, ಅಂದರೆ ನೀವು ಕೆಳಗೆ ಕೊಟ್ಟ ಹಲಗೆ, ಮ್ಯಾಟುಗಳ ಮೇಲೆ, ಕೂರಬೇಕು. ಹೊಸ ಉಸಿರು, ಹೊಸ ಬಿಗಿ, ಮತ್ತೆ ಟಕ್. ಐದು ಸಲದ ಮೂರು ಸೆಟ್ ಸಾಕು. ನಡುವೆ ಎರಡು ಮೂರು ನಿಮಿಷ ಕೂತುಕೊಳ್ಳಿ. ವಾರಕ್ಕೆ ಎರಡು ದಿನ, ನಡುವೆ ಕಮ್ಮಿ ಅಂದರೂ ಎರಡು ದಿನ ಬಿಡುವು. ಈ ವಾರದ ನೋವು ಪೂರ್ತಿ ಹೋಗಲಿ. ಆಮೇಲೆ ರಾಡಿನ ನಿಜವಾದ ತೂಕ ಸೇರಿಸಿ 40 ಕೆಜಿಯಿಂದ ಶುರು ಮಾಡಿ. ಪ್ರತಿ ಸಲ ಎರಡೂವರೆ ಕೆಜಿ ಸೇರಿಸಿ, ಅಂದರೆ ಆ ಕಡೆ ಒಂದೂಕಾಲು, ಈ ಕಡೆ ಒಂದೂಕಾಲು. ಎಂಟು ಸಲ ಸೇರಿಸಿದರೆ ಮತ್ತೆ 60ಕ್ಕೆ ಬರುತ್ತೀರಿ. ಒಂದು ತಿಂಗಳ ಮಾತು. ವಿಡಿಯೊದಲ್ಲಿ ಬೆನ್ನು ಶುರುವಿನಲ್ಲಿ ಇದ್ದ ಹಾಗೇ ಕೊನೆಯವರೆಗೂ ಇದ್ದರೆ ಮುಂದೆ ಹೋಗಿ, ಇಲ್ಲದಿದ್ದರೆ ಅದೇ ತೂಕದಲ್ಲಿ ನಿಲ್ಲಿ.

ಇಲ್ಲಿ ಒಂದು ಮಾತು. ಬೆನ್ನು ಒಂದು ಕೂದಲೆಳೆ ಬಾಗಿದರೂ ಡಿಸ್ಕ್ ಜಾರುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಅಷ್ಟೆಲ್ಲ ಇಲ್ಲ. ಬಿಜಾಪುರ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಭಾರದ ಗುಂಡು ಕಲ್ಲು ಎತ್ತುವವರನ್ನು ನೋಡಿದ್ದೀರಾ? ಹಿಡಿ ಇಲ್ಲದ ಕಲ್ಲನ್ನು ಬೆನ್ನು ಬಗ್ಗಿಸಿ ತಬ್ಬಿಕೊಂಡೇ ಎತ್ತಬೇಕು. ಅವರು ಸಣ್ಣ ಕಲ್ಲಿನಿಂದ ಶುರು ಮಾಡಿ ವರ್ಷಗಟ್ಟಲೆ ಮೈಯನ್ನು ಅದಕ್ಕೇ ಪಳಗಿಸಿರುತ್ತಾರೆ. ಅಮೆರಿಕದ ಲಮಾರ್ ಗ್ಯಾಂಟ್ ಅನ್ನುವ ಪವರ್‌ಲಿಫ್ಟರ್‌ಗೆ ಬೆನ್ನುಮೂಳೆಯೇ ಪಕ್ಕಕ್ಕೆ ಸೊಟ್ಟಗಿತ್ತು. 1985ರಲ್ಲಿ ಆತ ತನ್ನ ಮೈತೂಕದ ಐದು ಪಟ್ಟು, ಹತ್ತಿರ ಹತ್ತಿರ 300 ಕೆಜಿ ಎತ್ತಿದ. ನೀವೂ ಹಾಗೆ ಎತ್ತಿ ಅಂತಲ್ಲ. ತೊಂದರೆ ಬರೋದು ಬಹಳ ಸಲ ಮೈ ಪಳಗದೆ ಇರುವ ಭಾರದಿಂದ, ಮತ್ತೆ ಎತ್ತುವ ನಡುವೆ ಬೆನ್ನಿನ ಆಕಾರ ಜಾರಿಹೋಗೋದರಿಂದ.

ಬೆಲ್ಟ್ ಬಗ್ಗೆ ಕೇಳಿದಿರಿ. ಬೆಲ್ಟು ಬೆನ್ನನ್ನು ಎತ್ತಿ ಹಿಡಿಯುವ ಊರುಗೋಲಲ್ಲ. ಹೊಟ್ಟೆಗೆ ಒತ್ತೋಕೆ ಎದುರಿಗೊಂದು ಗೋಡೆ ಕೊಡುತ್ತದೆ, ಅಷ್ಟೇ ಅದರ ಕೆಲಸ. ಹೊಟ್ಟೆ ಗಟ್ಟಿ ಮಾಡೋದು ಕಲಿಯದವರಿಗೆ ಬೆಲ್ಟ್ ಕಟ್ಟಿದರೂ ಒಂದೇ, ಉಡಿದಾರ ಕಟ್ಟಿದರೂ ಒಂದೇ. ನಿಮ್ಮ ಮೈತೂಕದ ಒಂದೂವರೆ ಪಟ್ಟು, ಅಂದರೆ ಸುಮಾರು 115 ಕೆಜಿ ಬರುವವರೆಗೆ ಆ ದುಡ್ಡು ಉಳಿಸಿ. ಮುಂದೆ ತಗೊಂಡರೂ ಹಿಂದೆ ಅಗಲ, ಮುಂದೆ ಸಣ್ಣ ಇರುವ ತೆಳು ಬೆಲ್ಟ್ ಬೇಡ. ಸುತ್ತ ಒಂದೇ ಅಗಲದ, 10 ಸೆಂ.ಮೀ.ನ ಚರ್ಮದ ಬೆಲ್ಟ್ ತಗೊಳ್ಳಿ. ಸ್ಪರ್ಧೆಯಲ್ಲೂ ಅದಕ್ಕಿಂತ ಅಗಲ ಬಿಡಲ್ಲ.

ದುಡ್ಡು ಖರ್ಚು ಮಾಡದೆ ಆಗುವ ಇನ್ನೊಂದು ಕೆಲಸ, ಶೂ ಬಿಚ್ಚೋದು. ಓಡುವ ಶೂನ ಮೆತ್ತನೆಯ ಅಡಿ ಭಾರಕ್ಕೆ ಹಾಸಿಗೆಯ ಹಾಗೆ ಕುಸಿಯುತ್ತದೆ, ಹಿಮ್ಮಡಿ ಎತ್ತರ ಬೇರೆ. ಗರಡಿ ಮನೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗೋದು. ಕೆಮ್ಮಣ್ಣಿನ ಮೇಲೆ ಬರಿಗಾಲು ಊರಿದವರಿಗೆ ಇದನ್ನು ಹೇಳಬೇಕಿರಲಿಲ್ಲ. ಜಿಮ್‌ನವರು ಬರಿಗಾಲು ಬೇಡ ಅಂದರೆ ನಿಮ್ಮ ಸ್ಕೂಲ್ ಮಕ್ಕಳು ಪಿಟಿಗೆ ಹಾಕುತ್ತಾರಲ್ಲ, ಆ ಚಪ್ಪಟೆ ಕ್ಯಾನ್ವಾಸ್ ಶೂ ಸಾಕು. ಗ್ಲೌಸ್ ಬೇಡ, ರಾಡು ದಪ್ಪವಾಗಿ ಹಿಡಿತ ಜಾರುತ್ತದೆ. ಒಂದು ಕೈ ಅಂಗೈ ಮುಂದೆ, ಒಂದು ಕೈ ಹಿಂದೆ ಮಾಡಿ ಹಿಡಿಯೋದೂ ಈಗಲೇ ಬೇಡ. ಅಂಗೈ ಮುಂದಿರುವ ತೋಳಿನ ಬೈಸೆಪ್ಸ್ ಮೇಲೆ ಎಳೆತ ಜಾಸ್ತಿ. ಎರಡೂ ಅಂಗೈ ನಿಮ್ಮ ಕಡೆಗೇ ಇರಲಿ.

ಅಮ್ಮನಿಗೆ ಏನು ಹೇಳೋದು? ಅವರ ಹೆದರಿಕೆಗೆ ಕಾರಣ ಇದೆ, ಸುಮ್ನೆ ತಳ್ಳಿಹಾಕಬೇಡಿ. ಸೊಂಟ ಹಿಡಿದು ಮಲಗಿದ ಎಷ್ಟು ಜನರನ್ನು ಅವರು ನೋಡಿಲ್ಲ! ಆದರೆ ಅವರನ್ನೇ ಕೇಳಿ, ಅವರಲ್ಲಿ ಎಷ್ಟು ಜನಕ್ಕೆ ಜಿಮ್‌ನಲ್ಲಿ ಹಿಡಿಯಿತು, ಎಷ್ಟು ಜನಕ್ಕೆ ಅಡುಗೆ ಮನೆಯಲ್ಲಿ ಹಿಡಿಯಿತು ಅಂತ. ನನ್ನ ಸೊಂಟ ಜೀವನದಲ್ಲಿ ಒಂದೇ ಸಲ ಪೂರ್ತಿ ಹಿಡಿದುಕೊಂಡದ್ದು. ಅವತ್ತು ನಾನು ಎತ್ತಿದ್ದು ಗ್ಯಾಸ್ ಸಿಲಿಂಡರ್. ಒಳಗೆ 14.2 ಕೆಜಿ ಗ್ಯಾಸು, ಖಾಲಿ ಸಿಲಿಂಡರಿನ ತೂಕ ಹೆಚ್ಚುಕಮ್ಮಿ ಅಷ್ಟೇ, ಒಟ್ಟು ಮೂವತ್ತು ಕೆಜಿ ಆಸುಪಾಸು. ಅದೇ ವಾರ ಜಿಮ್‌ನಲ್ಲಿ ಅದರ ಐದು ಪಟ್ಟು ಎತ್ತಿದ್ದೆ. ಸಿಲಿಂಡರ್ ಕಟ್ಟೆಯ ಕೆಳಗಿತ್ತು. ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಲ್ಲಿ ಬಗ್ಗಿ ತಿರುಚಿ ಎಳೆದೆ. ಮೂರು ದಿನ ಮಲಗಿದೆ. ಹೆಂಡತಿ ಇವತ್ತಿಗೂ ಮನೆಗೆ ಬಂದವರಿಗೆಲ್ಲ ಈ ಕಥೆ ಹೇಳುತ್ತಾಳೆ.

ಅಮ್ಮನ ವಯಸ್ಸಿನವರಿಗೂ ಇದು ದೂರದ ಮಾತಲ್ಲ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮುಟ್ಟು ನಿಂತ, ಮೂಳೆ ಸವೆದ ನೂರಾಒಂದು ಹೆಂಗಸರ ಮೇಲೆ ಒಂದು ಅಧ್ಯಯನ ಮಾಡಿದರು. ಅದರಲ್ಲಿ ಒಂದು ಗುಂಪಿಗೆ ಎಂಟು ತಿಂಗಳು, ವಾರಕ್ಕೆರಡು ಸಲ, ಅರ್ಧ ಗಂಟೆ ಭಾರ ಎತ್ತಿಸಿದರು. ಎತ್ತಿಸಿದ್ದರಲ್ಲಿ ಡೆಡ್‌ಲಿಫ್ಟೂ ಇತ್ತು, ಅದೂ ಐದು ಸಲದ ಐದು ಸೆಟ್. ಅವರ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತು, ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದ ಇನ್ನೊಂದು ಗುಂಪಿಗೆ ಹೆಚ್ಚಲಿಲ್ಲ. ಆದರೆ ಪಕ್ಕದಲ್ಲಿ ತಿಳಿದವರು ನಿಂತು, ಸಣ್ಣದರಿಂದ ಶುರು ಮಾಡಿಸಿದ್ದರು. ಆ ಭಾಗವನ್ನು ಬಿಟ್ಟು ಅಮ್ಮನಿಗೆ ಹೇಳಬೇಡಿ, ನಾಳೆಯೇ ಸಿಲಿಂಡರ್ ಎತ್ತೋಕೆ ಹೋದಾರು!

ಕೊನೆಗೆ ನಿಮ್ಮ ಹುಡುಗರ ಪ್ರಶ್ನೆ. ಒಲಿಂಪಿಕ್ಸ್‌ನಲ್ಲಿ ಡೆಡ್‌ಲಿಫ್ಟ್ ಇಲ್ಲ. ಅಲ್ಲಿರೋದು ವೇಟ್‌ಲಿಫ್ಟಿಂಗ್. ಅದರಲ್ಲಿ ಎರಡೇ, ಒಂದೇ ಎಳೆತಕ್ಕೆ ಎತ್ತುವ ಸ್ನ್ಯಾಚ್ ಮತ್ತು ಮೊದಲು ಹೆಗಲಿಗೆ ತಂದು ಆಮೇಲೆ ಎತ್ತುವ ಕ್ಲೀನ್ ಅಂಡ್ ಜರ್ಕ್. ಎರಡರಲ್ಲೂ ರಾಡು ತಲೆಯ ಮೇಲೆ ಹೋಗಬೇಕು. ಕರ್ಣಂ ಮಲ್ಲೇಶ್ವರಿ 2000ದಲ್ಲಿ ಸಿಡ್ನಿಯಲ್ಲಿ ಕಂಚು ಗೆದ್ದದ್ದು ಇದರಲ್ಲೇ, ಎರಡೂ ಸೇರಿ 240 ಕೆಜಿ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದದ್ದೂ ಇದರಲ್ಲೇ. ಅವರು ಮೊದಲು ಕುಸ್ತಿ ಆಡುತ್ತಿದ್ದವರು, ಉಜಿರೆಯ ಕಾಲೇಜಿಗೆ ಬಂದ ಮೇಲೆ ಬಾರ್ ಹಿಡಿದರು. ಡೆಡ್‌ಲಿಫ್ಟ್ ಇರೋದು ಪವರ್‌ಲಿಫ್ಟಿಂಗ್‌ನಲ್ಲಿ. ಅಲ್ಲಿ ಮೂರು: ಹೆಗಲ ಮೇಲೆ ರಾಡು ಹೊತ್ತು ಕೂತು ಏಳುವ ಸ್ಕ್ವಾಟ್, ಮಲಗಿ ಎದೆಯಿಂದ ಮೇಲೆ ತಳ್ಳುವ ಬೆಂಚ್ ಪ್ರೆಸ್, ಕೊನೆಗೆ ಡೆಡ್‌ಲಿಫ್ಟ್. ಎತ್ತಿ ನೆಟ್ಟಗೆ ನಿಂತು, ರೆಫ್ರಿ ‘ಡೌನ್’ ಅನ್ನೋವರೆಗೆ ಹಿಡಿದಿರಬೇಕು. ಮೂವರು ರೆಫ್ರಿಗಳಲ್ಲಿ ಇಬ್ಬರು ಬಿಳಿ ದೀಪ ಹಾಕಿದರೆ ಪಾಸು. ಇದೆರಡೂ ಅಲ್ಲದ ಸ್ಟ್ರಾಂಗ್‌ಮನ್ ಸ್ಪರ್ಧೆಗಳಲ್ಲಿ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಎತ್ತಬಹುದು. ಇಂಗ್ಲೆಂಡಿನ ಎಡ್ಡಿ ಹಾಲ್ 2016ರಲ್ಲಿ ಲೀಡ್ಸ್‌ನಲ್ಲಿ 500 ಕೆಜಿ ಎತ್ತಿದ್ದು ಹಾಗೆ. ಎತ್ತಿ ಇಟ್ಟವನೇ ಮೂಗಿನಲ್ಲಿ ರಕ್ತ ಬಂದು ಕುಸಿದ. ನಾಲ್ಕು ವರ್ಷ ಆದಮೇಲೆ ಐಸ್‌ಲ್ಯಾಂಡಿನ ಬ್ಯೋರ್ನ್‌ಸನ್ 501 ಎತ್ತಿದ.

500 ಕೆಜಿ ಅಂದರೆ ಹುಡುಗರಿಗೆ ಅಂದಾಜಾಗಲ್ಲ. 25 ಕೆಜಿಯ ಇಪ್ಪತ್ತು ಅಕ್ಕಿ ಮೂಟೆ ಅನ್ನಿ. ಬಿಸಿಯೂಟದ ಕೋಣೆಯಲ್ಲಿ ಮೂಟೆ ಇದ್ದರೆ ಕರೆದುಕೊಂಡು ಹೋಗಿ ತೋರಿಸಿ. ಎತ್ತಿಸಬೇಡಿ ಮತ್ತೆ. ಪಿಟಿ ಪೀರಿಯಡ್ಡಿನಲ್ಲಿ ಆ ಗೋಡೆಗೆ ಪಿರ್ರೆ ತಾಗಿಸುವ ಆಟ ಆಡಿಸಿ, ಯಾರು ಗೋಡೆಯಿಂದ ದೂರ ನಿಂತು ತಾಗಿಸುತ್ತಾರೆ ನೋಡೋಣ ಅಂತ. ನೀವೂ ಆಡಿ. ನಿಮ್ಮ ಪ್ಲೇಟಿನ ಅಗಲ ಎಷ್ಟು ಬಂತು, ರಾಡು ಎಷ್ಟು ತೂಗಿತು ಅಂತ ಎರಡು ಸಾಲು ಬರೆಯಿರಿ. ರಾಡು ಇಪ್ಪತ್ತಕ್ಕೆ ಇಪ್ಪತ್ತೇ ಬಂದರೆ ಮೈಸೂರ್‌ಪಾಕ್ ನನ್ನ ಕಡೆಯಿಂದ.